ಮಹಡಿಯ ಮೇಲಿನ ಪ್ರಮೇಯ

ಹೋದ ತಿಂಗಳು ನನ್ನ ಮೊಮ್ಮಗಳು ವೈಜಯಂತಿಗೆ ಕಾಲೇಜಿನಲ್ಲಿ ಕಾಯಂ ನೌಕರಿ ಆಯಿತು. ಗಣಿತ ಕಲಿಸುವ ನೌಕರಿ. ಅವಳ ಕೋಣೆಯ ಬಾಗಿಲಿಗೆ ಹೆಸರಿನ ಫಲಕ ಹಾಕಿದ್ದಾರೆ, ಹೆಸರಿನ ಮುಂದೆ ‘ಡಾ.’ ಅಂತ ಇದೆ. ಪುಣೆಯ ಹೊರವಲಯದ ವಾಕಡದಿಂದ ರಿಕ್ಷಾ ಮಾಡಿಕೊಂಡು ಹೋಗಿ ಆ ಫಲಕವನ್ನು ಕೈಯಿಂದ ಮುಟ್ಟಿ ನೋಡಿ ಬಂದೆ. ಖುಷಿ ಎದೆಯಲ್ಲಿ ಹಿಡಿಸಲಿಲ್ಲ. ಹಾಲಿನವನಿಗೆ ಹೇಳಿದೆ, ಕೆಳಗಿನ ಮನೆಯವರಿಗೆ ಹೇಳಿದೆ, ಲಿಫ್ಟಿನಲ್ಲಿ ಸಿಕ್ಕ ಗುರುತಿಲ್ಲದವರಿಗೂ ಹೇಳಿ ಪೇಢೆ ಕೊಟ್ಟೆ. ಆ ಪೇಢೆಯ ಡಬ್ಬಿ ಇನ್ನೂ ಖಾಲಿಯಾಗಿರಲಿಲ್ಲ, ಸೋಲಾಪುರದಿಂದ ಫೋನ್ ಬಂತು. ಸರ್ ಹೋದರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲವಂತೆ.

ಅಳಬೇಕೋ ನಗಬೇಕೋ ತಿಳಿಯದೆ ಡಬ್ಬಿ ಹಿಡಿದುಕೊಂಡು ಅಡಿಗೆಮನೆಯಲ್ಲಿ ನಿಂತೆ. ವೈಜುವಿನ ಹೆಸರಿನ ಮುಂದೆ ‘ಡಾ.’ ಬಂದದ್ದು ಈ ಸರ್‌ನಿಂದಲೇ. ಅದಕ್ಕೆ ಅವರು ಏನು ತೆತ್ತರು ಅನ್ನುವುದನ್ನು ಹತ್ತಿರದಿಂದ ಕಂಡವಳು ನಾನು. ನಾಲ್ಕನೇ ಇಯತ್ತೆಯ ಮುಂದೆ ನನಗೆ ಶಾಲೆ ಇಲ್ಲ. ಗಣಿತ ಹೇಳುವಲ್ಲಿ ಹೆಚ್ಚುಕಡಿಮೆ ಆದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು. ಮನುಷ್ಯನನ್ನು ಹೇಳುವಲ್ಲಿ ಹೆಚ್ಚುಕಡಿಮೆ ಆಗಲಿಕ್ಕಿಲ್ಲ.

ಆಗ ನಾವು ಊರೊಳಗೆ ಸದಾಶಿವ ಪೇಠೆಯಲ್ಲಿ, ಹತ್ತಾರು ಬಾಡಿಗೆ ಮನೆಗಳ ಒಂದು ಹಳೆಯ ವಾಡೆಯಲ್ಲಿ ಇದ್ದೆವು. ನಮ್ಮ ಮನೆಯವರಿಗೆ ಬಟ್ಟೆ ಅಂಗಡಿಯಲ್ಲಿ ಗುಮಾಸ್ತಿಕೆ. ನಮ್ಮದು ಕೆಳಗಿನ ಎರಡು ಖೋಲಿ. ಮೇಲಿನ ಖೋಲಿಗೆ ಸರ್ ಬಂದರು. ಸಾಮಾನು ಇಳಿಸುವಾಗ ನೋಡಿದೆ. ಪಾತ್ರೆ ಒಂದು ಬುಟ್ಟಿ, ಕಾಗದ ಒಂದು ಟೆಂಪೋ. ಬಾಗಲಕೋಟೆ ಕಡೆಯವರು, ಇಲ್ಲಿ ದೊಡ್ಡ ಕಾಲೇಜಿನಲ್ಲಿ ಗಣಿತದ ಪ್ರೊಫೆಸರು. ಹೆಂಡತಿ ಸೋಲಾಪುರದಲ್ಲಿ ಶಾಲೆಯ ಮಾಸ್ತರಿಣಿ, ಆ ನೌಕರಿ ಬಿಡುವ ಹಾಗಿರಲಿಲ್ಲ. ಶನಿವಾರ ರೈಲಿಗೆ ಬರುತ್ತಿದ್ದಳು, ಭಾನುವಾರ ಸಂಜೆ ಹೋಗುತ್ತಿದ್ದಳು. ಉಳಿದ ದಿನ ಸರ್‌ಗೆ ನಮ್ಮ ಮನೆಯಿಂದ ರೊಟ್ಟಿ, ಪಲ್ಯ. ಕನ್ನಡದವರು ಅನ್ನುವುದೊಂದೇ ಗುರುತು ಸಾಕಾಯಿತು.

ಅವರಷ್ಟು ದಣಿದಂತೆ ಕಾಣುವ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ. ರೋಗ ಇರಲಿಲ್ಲ, ರಗಳೆ ಇರಲಿಲ್ಲ, ವಯಸ್ಸೂ ಆಗಿರಲಿಲ್ಲ. ಆದರೂ ಸಂಜೆ ಬಂದವರು ನಮ್ಮ ಬಾಗಿಲ ಎದುರಿನ ಮೆಟ್ಟಿಲ ಮೇಲೆ ಕೂತು, ಕೈಚೀಲ ತೊಡೆಯ ಮೇಲೆ ಇಟ್ಟುಕೊಂಡು, ಉಳಿದ ಮೆಟ್ಟಿಲುಗಳನ್ನು ಸುಮ್ಮನೆ ನೋಡುತ್ತಿದ್ದರು. ಅವು ಕೆಳಗೆ ಇಳಿದು ಬರಬಹುದೇನೋ ಎನ್ನುವ ಹಾಗೆ.

“ಏನ್ರಿ ಸರ್, ಭಾಳ ಕೆಲಸ ಆತೇನು?” ಅಂದರೆ, “ಕೆಲಸ ಎಲ್ಲೇದ್ರಿ ಅಕ್ಕಾರ. ವಿಚಾರ ಮಾಡಿ ಮಾಡಿ ಸಾಕಾಗೇದ,” ಅನ್ನುತ್ತಿದ್ದರು.

ನಮ್ಮ ಮನೆಯವರು ಒಳಗಿನಿಂದಲೇ ಕೂಗುತ್ತಿದ್ದರು: “ನಾವು ದಿನಾ ಬಟ್ಟಿ ಥಾನ್ ಎತ್ತಿ ಹಾಕಿ ದಣೀತೀವ್ರಿ. ನೀವು ಕುಂತಲ್ಲೇ ದಣೀತೀರಿ. ನಿಮ್ಮ ನೌಕರಿನೇ ಚಲೋ.”

“ಅದಲಿ ಬದಲಿ ಮಾಡೋಣ ಬರ್ರಿ,” ಅನ್ನುತ್ತಿದ್ದರು ಸರ್, ನಗದೆ. ಅವರ ತಮಾಷೆ ಎಲ್ಲಾ ಹಾಗೆ, ಮುಖ ನೋಡಿದರೆ ತಮಾಷೆ ಅಂತ ತಿಳಿಯುತ್ತಲೇ ಇರಲಿಲ್ಲ.

ಅವರು ಅಭ್ಯಾಸ ಮಾಡುವುದು ಏನನ್ನು ಅಂತ ಒಂದು ದಿನ ಕೇಳಿಯೇ ಬಿಟ್ಟೆ. ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಿದ್ದರು.

“ಅಕ್ಕಾರ, ನಿಮ್ಮ ವಾಡೆದಾಗ ಒಂದು ಸುದ್ದಿ ಹುಟ್ಟಿದರ ಎಲ್ಲಾರಿಗೂ ಹೆಂಗ ಮುಟ್ಟತದ?”

“ಒಬ್ಬರು ಇನ್ನೊಬ್ಬರಿಗೆ ಹೇಳ್ತಾರ್ರಿ.”

“ಒಂದಿಬ್ಬರು ಬಾಯಿ ಮುಚ್ಚಿಕೊಂಡರು ಅನ್ರಿ. ಆವಾಗೂ ಮುಟ್ಟತದೋ, ಅರ್ಧ ವಾಡೆಕ್ಕ ಗೊತ್ತಾಗಿ ಅರ್ಧಕ್ಕ ಗೊತ್ತಾಗೂದಿಲ್ಲೋ? ಅದನ್ನ ಹುಡುಕೋದು ನನ್ನ ಕೆಲಸ. ಟೆಲಿಫೋನದು, ಕಂಪ್ಯೂಟರದು, ಕರೆಂಟಿನ ತಂತಿದು, ಎಲ್ಲಾ ಜಾಲದ್ದೂ ಒಂದೇ ಪ್ರಶ್ನೆ. ಯಾವ ಎಳಿ ಹರಿದರ ಜಾಲ ಎರಡು ತುಂಡು ಆಗತದ?”

“ಮತ್ತ ನಮ್ಮ ವಾಡೆ ಯಾರು ಬಾಯಿ ಮುಚ್ಚಿದರ ತುಂಡಾಗತದ?”

ಚಹಾದ ಬಸಿ ಕೆಳಗಿಟ್ಟು ವಿಚಾರ ಮಾಡಿದರು. “ನಳದ ಹತ್ತಿರದ ಮನಿ ಬಾಯಾರು ಒಬ್ಬರು. ಇನ್ನೊಬ್ಬರ ಹೆಸರು ಹೇಳಿದರ ನಾಳೆ ನನಗ ರೊಟ್ಟಿ ಬರೂದಿಲ್ಲ.”

ನಾನು ಸಿಟ್ಟಾಗಬೇಕಿತ್ತು, ನಗು ಬಂತು. ಮರುದಿನ ರೊಟ್ಟಿಗೆ ಬೆಣ್ಣೆ ಹಚ್ಚಿಯೇ ಕಳಿಸಿದೆ.

ಕಾಲೇಜಿನಲ್ಲಿ ಅವರ ಅವಸ್ಥೆ ಎರಡೂ ಕಡೆಯ ಬೀಗರ ಮಧ್ಯೆ ಸಿಕ್ಕವರ ಅವಸ್ಥೆ. ಗಣಿತದವರು, ಇವರು ಕಂಪ್ಯೂಟರಿನವರು ಅನ್ನುತ್ತಿದ್ದರು. ಕಂಪ್ಯೂಟರಿನವರು, ಇವರು ಗಣಿತದವರು ಅನ್ನುತ್ತಿದ್ದರು. ಎರಡೂ ಕಡೆ ಪಾಠ ಹೇಳಲು ಕರೆಯುವರು, ಕುರ್ಚಿ ಕೇಳಿದರೆ ಆ ಮನೆ ತೋರಿಸುವರು. ಆ ಕಾಲದಲ್ಲಿ ಕಂಪ್ಯೂಟರಿನ ಕೋಣೆಗೆ ಗುಡಿಯ ಮರ್ಯಾದೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು, ಒಳಗೆ ಯಂತ್ರಕ್ಕೆ ಬೇಕಾದ ಥಂಡಿ. ಸರ್ ತಮ್ಮ ಪಾಳಿ ಬರುವ ತನಕ ಬರಿಗಾಲಲ್ಲಿ ಕಾದು ಕೂರುತ್ತಿದ್ದರು. ತಲೆಯಲ್ಲಿ ಬೇರೆಯೇ ಲೆಕ್ಕ ಓಡುತ್ತಿರುವಾಗ ಹೊರಗೆ ಬಂದು ಯಾವ ಚಪ್ಪಲಿ ಕಂಡರೆ ಅದನ್ನು ಮೆಟ್ಟಿಕೊಂಡು ಬರುವರು. ಒಂದು ಸಲ ಹೆಣ್ಣುಮಕ್ಕಳ ಚಪ್ಪಲಿಯಲ್ಲೇ ಸದಾಶಿವ ಪೇಠೆಯ ತನಕ ಬಂದಿದ್ದರು. ಹಿಮ್ಮಡಿ ಹೊರಗೆ ಇಣುಕುತ್ತಿತ್ತು.

“ಸರ್, ಕಾಲಾಗ ಏನದು?” ಅಂದೆ.

ಬಗ್ಗಿ ನೋಡಿಕೊಂಡರು. “ಅದಕ್ಕ ಇವತ್ತು ರಸ್ತೆ ಸ್ವಲ್ಪ ಬಿಗಿ ಅನಸ್ತು,” ಅಂದರು.

ಅವರಿಗೆ ಗಾಡಿ ಇರಲಿಲ್ಲ. ಸೈಕಲ್ಲೂ ಇಲ್ಲ. ಪುಣೆಯ ಸ್ಕೂಟರುಗಳ ನಡುವೆ, ಗೋಡೆಯ ಬದಿ ಹಿಡಿದು, ತಲೆ ತಗ್ಗಿಸಿ ನಡೆಯುವರು. ದೂರದ ಕ್ಯಾಂಪ್ ಪೇಟೆಗೆ ಹೋಗಬೇಕಾದರೂ ನಡಿಗೆಯೇ. ಪುಸ್ತಕ ತರಲು ಹೋದವರು ಎಷ್ಟೋ ಸಲ ಪುಸ್ತಕ ಮರೆತು, ಯಾವುದೋ ಹೊಸ ಗಲ್ಲಿ ಕಂಡುಹಿಡಿದು ಬರುತ್ತಿದ್ದರು.

ಅವರ ಮುಖದಲ್ಲಿ ನಿಚ್ಚಳ ಖುಷಿ ಕಂಡದ್ದು ಅವರ ಪ್ರಮೇಯ ಪರದೇಶದ ಪತ್ರಿಕೆಯಲ್ಲಿ ಅಚ್ಚಾದ ದಿನ. ಯಾವ ಎಳೆಗಳನ್ನು ಕಾಯ್ದುಕೊಂಡರೆ ಜಾಲ ತುಂಡಾಗದೆ ಉಳಿಯುತ್ತದೆ ಎಂದು ಹೇಳುವ ಪ್ರಮೇಯ ಅದು. ವರ್ಷಗಟ್ಟಲೆ ಆ ಖೋಲಿಯಲ್ಲಿ ಕೂತು ಮಾಡಿದ್ದು. ವಾಡೆಯ ಮನೆಮನೆಗೆ ತಾವೇ ಪೇಢೆ ಹಂಚಿದರು. ನಳದ ಹತ್ತಿರದ ಮನೆಯ ಬಾಯಿ, “ಸರ್, ಮುಲಗಾ ಝಾಲಾ ಕಾ?” ಎಂದು ಕೇಳಿದರು, ಗಂಡುಮಗು ಆಯಿತೇ ಅಂತ. “ಹೋ,” ಹೌದು ಅಂತ ಅಂದುಬಿಟ್ಟರು ಸರ್. ಸರ್ ಅವರ ಹೆಂಡತಿ ಸೋಲಾಪುರದ ಬಾಯಿಗೆ ಶನಿವಾರ ವಾಡೆಯ ಹೆಂಗಸರೆಲ್ಲ ಅಭಿನಂದನೆ ಹೇಳಲು ಬಂದಾಗ ದೊಡ್ಡ ಫಜೀತಿ. ಮಕ್ಕಳಿಲ್ಲದ ದಂಪತಿ ಅವರು. ಆ ಬಾಯಿ ಮಾತ್ರ ತಣ್ಣಗೆ, “ಹೌದ್ರಿ, ಆಗೇದ. ಮ್ಯಾಲೆ ಅದ, ಕಾಗದದಾಗ ಸುತ್ತಿ ಇಟ್ಟಾರ,” ಅಂದಳು.

ಆಮೇಲೆ ಸರ್ ಅಂದರೆ ಆ ಪ್ರಮೇಯ, ಆ ಪ್ರಮೇಯ ಅಂದರೆ ಸರ್. ಅವರಿಗೆ ಬಡ್ತಿ ಸಿಕ್ಕಿದ್ದು ಅದರಿಂದ. ಯಾವ ಸಭೆಗೆ ಹೋದರೂ ಅದರ ಹೆಸರು ಹೇಳಿ ಪರಿಚಯ ಮಾಡುವರು. ಮುಂದೆ ಇಂಟರ್ನೆಟ್ ಬಂತು, ಊರಿಗೆ ಊರೇ ಜಾಲದ ಮಾತಾಡತೊಡಗಿತು. ಸರ್ ಹತ್ತಿರ ಪಿಎಚ್.ಡಿ. ಮಾಡಲು ಬಂದ ಜಾಣರು ಅರ್ಧಕ್ಕೇ ಬಿಟ್ಟು ದೊಡ್ಡ ಪಗಾರದ ಕಂಪನಿಗಳಿಗೆ ಹೋದರು. ಸರ್ ಒಬ್ಬರಿಗೂ ಬೇಡ ಅನ್ನಲಿಲ್ಲ. ಹೋಗುವವರಿಗೆ ಚಹಾ ಕುಡಿಸಿ, ಮತ್ತೆ ಅದೇ ಮೆಟ್ಟಿಲ ಮೇಲೆ ಬಂದು ಕೂರುತ್ತಿದ್ದರು.

ಇಷ್ಟರಲ್ಲಿ ನಮ್ಮ ವೈಜು ಬೆಳೆದಿದ್ದಳು. ಮಗ ಸೊಸೆ ವಾಕಡದಲ್ಲಿ ಫ್ಲ್ಯಾಟ್ ತೆಗೆದುಕೊಂಡು ಹೋದರೂ, ಕಾಲೇಜು ಹತ್ತಿರ ಅಂತ ಅವಳು ನಮ್ಮ ಹತ್ತಿರವೇ ಉಳಿದಳು. ಎಂ.ಎಸ್ಸಿ. ಮುಗಿಸಿ ಸರ್ ಹತ್ತಿರ ಪಿಎಚ್.ಡಿ. ಮಾಡುತ್ತೇನೆ ಅಂತ ಹಟ ಹಿಡಿದಳು.

“ನಾ ರಿಟೈರ್ ಆಗಾಂವ, ದಣಿದೀನಿ. ಹರೇದವರನ್ನ ಹುಡುಕು,” ಅಂದರು ಸರ್.

“ನೀವು ಯಾವಾಗ ದಣಿದಿರಲಿಲ್ಲ ಹೇಳ್ರಿ ಸರ್?” ಅಂದಳು ವೈಜು. ನಾನು ಗದರಿಸಿದೆ. ಸರ್ ಒಪ್ಪಿಬಿಟ್ಟರು. ಅವರ ಪ್ರಮೇಯದ ಮೇಲೆಯೇ ಇನ್ನೊಂದು ಅಂತಸ್ತು ಕಟ್ಟುವ ಕೆಲಸ ಅವಳಿಗೆ ಕೊಟ್ಟರು.

ವೈಜು ಕೆಲಸಕ್ಕೆ ಹತ್ತಿದಳು, ಚೆನ್ನಾಗಿಯೇ ನಡೆದಿತ್ತು. ಸರ್ ರಿಟೈರ್ ಆಗುವ ವರ್ಷ ಬಂತು. ಕಾಲೇಜಿನಲ್ಲಿ ಅವರ ಗೌರವಕ್ಕೆ ದೊಡ್ಡ ಸಭೆ ಮಾಡುವುದು, ಹೊರಗಿನ ವಿದ್ವಾಂಸರು ಬಂದು ಆ ಪ್ರಮೇಯದ ಬಗ್ಗೆಯೇ ಮಾತಾಡುವುದು ಅಂತ ನಿಶ್ಚಯವಾಗಿತ್ತು. ಆಗ ಒಂದು ದಿನ ವೈಜು ತನ್ನ ಸ್ಕೂಟಿ ಹೊರಗೆ ನಿಲ್ಲಿಸಿ, ಮುಖಕ್ಕೆ ಕಟ್ಟಿದ ಸ್ಕಾರ್ಫೂ ಬಿಚ್ಚದೆ, ಅಡಿಗೆಮನೆಗೆ ಬಂದು ನನ್ನ ಪಕ್ಕ ಕುಸಿದು ಕೂತಳು. ಸ್ಕಾರ್ಫ್ ತೊಯ್ದಿತ್ತು.

“ಅಜ್ಜಿ, ಸರ್ ಅವರ ಪ್ರಮೇಯ ತಪ್ಪದ.”

“ಸರಿಯಾಗಿ ನೋಡಿದಿಯೇನು?”

“ನೋಡಿ ನೋಡಿ ಕಣ್ಣು ಹೋದವು. ಎರಡೂ ಕಡೆ ಹೋಗು ಬರೂ ಹಾದಿ ಇದ್ದರ ಅವರದು ಖರೇ ಅದ. ಅದನ್ನ ಪೂರಾ ಬರದಾರ. ಆಮ್ಯಾಲೆ ಒಂದೇ ಕಡೆ ಹೋಗೂ ಹಾದಿ ಅದಾವಲ್ಲ, ವನ್ ವೇ, ಅವಕ್ಕ ‘ಅದೇ ರೀತಿ’ ಅಂತ ಬರದು ಬಿಟ್ಟಾರ. ಅದೇ ರೀತಿ ಆಗೂದಿಲ್ಲ ಅಜ್ಜಿ! ಇವತ್ತು ಪೋಲೀಸ ನನಗ ವನ್ ವೇದಾಗ ಹಿಡದ. ಬೈಸಿಕೊಂಡು ಸುತ್ತು ಹಾಕಿ ಬರೂವಾಗ ತಲ್ಯಾಗ ಬಂತು. ಹೋಗಲಿಕ್ಕೆ ಹಾದಿ ಅದ ಅಂದರ ಬರಲಿಕ್ಕೆ ಇರಬೇಕಂತ ಎಲ್ಲದ? ಸಣ್ಣದೊಂದು ಜಾಲ ಬರದು ನೋಡಿದೆ. ಮುರದು ಬಿತ್ತು.”

ಅವಳ ಪ್ರಬಂಧದ ಮುಕ್ಕಾಲು ಪಾಲು ನಿಂತದ್ದು ಆ ‘ಅದೇ ರೀತಿ’ಯ ಮೇಲೆ. ಆದರೆ ಅವಳು ಅಳುತ್ತಿದ್ದದ್ದು ಅದಕ್ಕಲ್ಲ. “ಆ ಸಭಾ ಹೆಂಗ ಮಾಡ್ತಾರಜ್ಜಿ? ಅವರ ಕಡೆ ಅದೊಂದೇ ಅದ,” ಅಂದಳು.

“ಮುಖಾ ತೊಳಕೋ. ಸರ್ ಊಟದ ಡಬ್ಬಿ ತಗೋ. ಮ್ಯಾಲೆ ಹೋಗೋಣ ನಡಿ,” ಅಂದೆ. ಬೇರೆ ಏನು ಹೇಳಬೇಕಿತ್ತೋ ಇವತ್ತಿಗೂ ಗೊತ್ತಿಲ್ಲ.

ಅದು ಶನಿವಾರ ಮಧ್ಯಾಹ್ನ. ಸೋಲಾಪುರದ ಬಾಯಿ ಆಗಷ್ಟೇ ಬಂದು ಚೀಲ ಬಿಚ್ಚುತ್ತಿದ್ದಳು. ವೈಜು ಏನೂ ಹೇಳದೆ ತನ್ನ ಚಿತ್ರವನ್ನು ಸರ್ ಮುಂದೆ ಇಟ್ಟಳು. ಸರ್ ಕನ್ನಡಕ ಹಾಕಿಕೊಂಡು ನೋಡಿದರು. ಬೆರಳನ್ನು ಒಂದು ಗೆರೆಯ ಮೇಲೆ ಓಡಿಸಿದರು, ತಿರುಗಿ ತಂದರು, ಮತ್ತೆ ಓಡಿಸಿದರು. ತಿರುಗಿ ತರುವಾಗ ಬೆರಳು ನಡುವೆ ನಿಂತಿತು. ಕೆಳಗೆ ಗಲ್ಲಿಯಲ್ಲಿ ಹಳೆ ಸಾಮಾನು ಕೊಳ್ಳುವ ಭಂಗಾರವಾಲಾ ಕೂಗಿಕೊಂಡು ಹೋದ. ಡಬ್ಬಿಯ ಮುಚ್ಚಳ ತೆಗೆಯಲೋ ಬೇಡವೋ ತಿಳಿಯದೆ ನಾನು ನಿಂತೇ ಇದ್ದೆ.

“ಹೌದು,” ಅಂದರು ಸರ್. ಕನ್ನಡಕ ತೆಗೆದಿಟ್ಟು, “ನಾ ಜೀವಮಾನ ಎಲ್ಲಾ ನಡಕೋತ ಹೋದಾಂವ. ನಡಿಯಾಂವಗ ಎಲ್ಲಿ ವನ್ ವೇ? ಎಲ್ಲಾ ರಸ್ತೆನೂ ಎರಡೂ ಕಡೆಯಿಂದ ತೆರದೇ ಇರತಾವ,” ಅಂದರು. “ಆ ಭಾಗ ಬರೆಯೂ ಹೊತ್ತಿಗೆ ದಣಿದಿದ್ದೆ. ಮುಗದರ ಸಾಕಾಗಿತ್ತು. ‘ಅದೇ ರೀತಿ’ ಅಂದುಬಿಟ್ಟೆ.”

ಸೋಲಾಪುರದ ಬಾಯಿಗೆ ವಿಷಯ ತಿಳಿಯಲು ಬಹಳ ಹೊತ್ತು ಬೇಕಾಗಲಿಲ್ಲ. ಕೈಯಲ್ಲಿದ್ದ ಚಾದರ ಮಡಿಸುತ್ತಲೇ, “ಸಭಾ ಆಗಲಿ. ರಿಟೈರ್ ಆದ ಮ್ಯಾಲೆ ಹೇಳ್ರಿ. ಇಷ್ಟು ವರ್ಷ ಯಾರಿಗೂ ಕಾಣಸಲಿಲ್ಲ, ಇನ್ನ ಸ್ವಲ್ಪ ದಿನ ಕಾಣಸಲಿಲ್ಲಂದ್ರ ಯಾರ ಗಂಟು ಹೋಗತದ? ನಾ ಸೋಲಾಪುರದಾಗ, ನೀವು ಪುಣೆದಾಗ, ಹಿಂಗ ಜನ್ಮ ಕಳದದ್ದು ಅದೊಂದರ ಸಲುವಾಗಿ ಅಲ್ಲೇನು?” ಅಂದಳು. ದನಿ ಏರಲಿಲ್ಲ. ಆ ಬಾಯಿಯ ಮಾತಿನಲ್ಲಿ ಸುಳ್ಳು ಏನಿತ್ತು?

ವೈಜು, “ಹೌದು ಸರ್, ನಾನೂ ಆಮ್ಯಾಲೇ ಪ್ರಬಂಧ ಕೊಡ್ತೀನಿ. ನನಗೇನು ಗಡಿಬಿಡಿ ಇಲ್ಲ,” ಅಂದಳು.

ಸರ್ ತಲೆ ಅಲ್ಲಾಡಿಸಿದರು. “ನಾ ಹರಿಶ್ಚಂದ್ರ ಆಗಲಿಕ್ಕೆ ಹೊಂಟಿಲ್ಲ,” ಅಂತ ಹೆಂಡತಿಗೇ ಹೇಳಿದರು. “ಗೊತ್ತಿದ್ದೂ ಗೊತ್ತಿಲ್ಲಧಂಗ ಆ ಸಭಾದಾಗ ಕುಂದರಬೇಕು, ಹಾರ ಹಾಕಿಸಿಕೋಬೇಕು, ನಗಬೇಕು. ಅಷ್ಟು ಹೊತ್ತುಕೊಂಡು ತಿರಗಲಿಕ್ಕೆ ನನ್ನ ಕಡೆ ಕಸುವಿಲ್ಲ. ದಣಿದೀನಿ.” ಆಮೇಲೆ ವೈಜುವಿನ ಕಡೆ ತಿರುಗಿ, “ಇದೇ ನಿನ್ನ ಮೊದಲನೇ ಅಧ್ಯಾಯ. ತಪ್ಪು ಎಲ್ಲೆ ಅದ, ಯಾಕ ಅದ, ಪೂರಾ ಬರಿ. ನನ್ನ ಹೆಸರು ಹಾಕಿ ಬರಿ. ಏನು ಉಳೀತದ ಅಂತ ಆಮ್ಯಾಲೆ ಹುಡುಕು. ಅಕ್ಕಾರ, ಬಡಸ್ರಿ,” ಅಂದರು.

ನಾಲ್ವರೂ ಉಣ್ಣಲು ಕೂತೆವು. ಸರ್ ಮಾತ್ರ ಹೊಟ್ಟೆ ತುಂಬ ಉಂಡರು.

ಮುಂದಿನ ವಾರ ಅವರು ಪರದೇಶದ ಆ ಪತ್ರಿಕೆಗೆ ತಾವೇ ಬರೆದು ತಿಳಿಸಿದರು, ಕಾಲೇಜಿನಲ್ಲೂ ಹೇಳಿದರು. ಸಭೆ ಮೊದಲು ಮುಂದೆ ಹೋಯಿತು, ಆಮೇಲೆ ಸಣ್ಣದಾಯಿತು, ಕಡೆಗೆ ಆಗಲೇ ಇಲ್ಲ. ಯಾರೂ ಕೆಟ್ಟ ಮಾತಾಡಲಿಲ್ಲ, ಹಾಗೆ ನೋಡಿದರೆ ಯಾರೂ ಏನೂ ಮಾತಾಡಲಿಲ್ಲ. ತಂದಿಟ್ಟಿದ್ದ ಶಾಲನ್ನು ಸಿಪಾಯಿಯ ಕೈಯಲ್ಲಿ ಮನೆಗೆ ಕಳಿಸಿದರು. ಸರ್ ಅದನ್ನು ಹೊದ್ದುಕೊಂಡು ಮೆಟ್ಟಿಲ ಮೇಲೆ ಕೂತು, “ಬೆಚ್ಚಗದ,” ಅಂದರು. ಸೋಲಾಪುರದ ಬಾಯಿ ಕೆಲವು ಶನಿವಾರ ಬರಲಿಲ್ಲ. ಆಮೇಲೆ ಬಂದಳು. ಬರುವಾಗ ಸರ್‌ಗೆ ಹೊಸ ಚಪ್ಪಲಿ ತಂದಿದ್ದಳು.

ಹಗಲು ರಾತ್ರಿ ಅನ್ನದೆ ದುಡಿದು ವೈಜು ಪ್ರಬಂಧವನ್ನು ಹೊಸದಾಗಿ ಕಟ್ಟಿದಳು. ವನ್ ವೇ ಜಾಲಕ್ಕೆ ಇನ್ನೂ ಯಾವ ಎಳೆ ಬೇಕು ಅನ್ನುವುದು ಅವಳಿಗೆ ಸಿಕ್ಕಿತಂತೆ. ಸರ್ ರಿಟೈರ್ ಆಗುವ ಮೊದಲೇ ಅವಳ ಮೌಖಿಕ ಪರೀಕ್ಷೆಯ ದಿನ ಬಂತು. ಅಂಥ ಪರೀಕ್ಷೆಗೆ ಯಾರು ಬೇಕಾದರೂ ಬಂದು ಕೂರಬಹುದು, ಬಂದವರಿಗೆ ತಿಂಡಿ ಪರೀಕ್ಷೆ ಕೊಡುವವರ ಮನೆಯಿಂದಲೇ ಹೋಗುವುದು ರೂಢಿ. “ಇದೇನು ಪರೀಕ್ಷಾನೋ ಮುಂಜಿವಿನೋ?” ಅಂತ ಸರ್ ಬೇಸರ ಮಾಡಿಕೊಂಡರು. ನಾನು ಕೇಳಲಿಲ್ಲ. ಶೇಂಗಾ ಹೋಳಿಗೆ, ಅವಲಕ್ಕಿ ಚೂಡಾ, ಒಂದು ದೊಡ್ಡ ಥರ್ಮಾಸ್ ಚಹಾ ಹೊತ್ತುಕೊಂಡು ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ನಮ್ಮ ಮನೆಯವರು ಅದನ್ನು ನೋಡಲು ಉಳಿದಿರಲಿಲ್ಲ. ಅವರ ಪಾಲಿನದನ್ನೂ ನಾನೇ ನೋಡಬೇಕಿತ್ತು.

ವೈಜು ಇಂಗ್ಲಿಷಿನಲ್ಲಿ ಮಾತಾಡಿದಳು. ಒಂದಕ್ಷರ ತಿಳಿಯಲಿಲ್ಲ, ಆದರೂ ನನ್ನ ಕೂಸು ಆ ಎತ್ತರದ ಜಗಲಿಯ ಮೇಲೆ ನಿಂತು ಕೈ ಬೀಸಿ ಬೀಸಿ ಹೇಳುವುದನ್ನು ನೋಡಿ ಸೆರಗು ಬಾಯಿಗೆ ಇಟ್ಟುಕೊಂಡು ಕೂತೆ. ಮುಂಬಯಿಯಿಂದ ಬಂದ ಪರೀಕ್ಷಕರು ಮರಾಠಿಯವರು, ಬಿಗಿ ಮುಖದ ಮನುಷ್ಯ. ನಡುವೆ ಒಂದು ಕಡೆ ಅವಳನ್ನು ನಿಲ್ಲಿಸಿ ಏನೋ ಕೇಳಿದರು. ವೈಜು ಕೈಯಲ್ಲಿದ್ದ ಹಾಳೆ ತಿರುವಿದಳು. ಮತ್ತೆ ಕೇಳಿದರು. ಅವಳು ನೆಲ ನೋಡತೊಡಗಿದಳು. ಅವರು ಇಂಗ್ಲಿಷ್ ಬಿಟ್ಟು ಮರಾಠಿಗೆ ಇಳಿದರು.

“ಹೀ ಚೂಕ್ ಕುಣಾಚೀ? ಪ್ರಬಂಧಾತ್ ನಾವ್ ಆಹೆ. ತೋಂಡಾನೆ ಸಾಂಗ್.”

ಆ ಮಾತು ನನಗೆ ತಿಳಿಯಿತು. ಈ ತಪ್ಪು ಯಾರದು? ಪ್ರಬಂಧದಲ್ಲಿ ಹೆಸರು ಇದೆ, ಬಾಯಿಂದ ಹೇಳು. ಹಾಳೆಯ ಮೇಲೆ ಬರೆದಿದ್ದಳು ಪಾಪ, ಸರ್ ಬಿಟ್ಟಿರಲಿಲ್ಲ. ಇಷ್ಟು ಜನರ ಎದುರಿಗೆ, ಅವರು ಅಲ್ಲೇ ಕೂತಿರುವಾಗ, ನಾಲಿಗೆಯ ಮೇಲೆ ತರುವುದು ಅವಳಿಂದ ಆಗಲಿಲ್ಲ. ಆ ಕಾಲೇಜಿನವರೆಲ್ಲ ಅಲ್ಲಿದ್ದರು. ಸಭೆ ಆಗದ ಹಾಗೆ ನೋಡಿಕೊಂಡವರೂ ಇದ್ದರು.

ಮೂಲೆಯ ಕುರ್ಚಿಯಿಂದ ಸರ್ ಎದ್ದು ನಿಂತರು. ಶಾಲೆಯ ಮಕ್ಕಳ ಹಾಗೆ ಕೈ ಎತ್ತಿದರು.

“ಮಾಝೀ,” ಅಂದರು. “ಚೂಕ್ ಮಾಝೀ ಆಹೆ.” ನನ್ನದು, ತಪ್ಪು ನನ್ನದು ಅಂತ. “ಪುಢೇ ವಿಚಾರಾ,” ಮುಂದಿನದು ಕೇಳಿ ಅಂತ ಹೇಳಿ ಕೂತರು.

ಪರೀಕ್ಷಕರು ವೈಜುವಿನ ಕಡೆ ತಿರುಗಿ ಮುಂದಿನದು ಕೇಳಿದರು. ಅವಳು ತಲೆ ಎತ್ತಿ ಹೇಳತೊಡಗಿದಳು. ಕಡೆಗೆ ಅವರೇ ಎದ್ದು ಅವಳನ್ನು ‘ಡಾಕ್ಟರ್’ ಅಂತ ಕರೆದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಎಲ್ಲರಿಗಿಂತ ಹೆಚ್ಚು ಹೊತ್ತು ತಟ್ಟಿದೆನಂತೆ. ಅಂಗೈಗಳು ಕೆಂಪಾಗಿದ್ದವು.

ಜನ ತಿಂದು ಚದುರಿದರು. ಚೂಡಾ ಬೇಗ ಮುಗಿಯಿತು. ಸರ್ ಕೂತಲ್ಲೇ ಇದ್ದರು. ವೈಜು ಅವರ ಹತ್ತಿರ ಹೋಗಿ ಕಾಲಿಗೆ ಬೀಳಲು ಬಗ್ಗಿದಳು. ಸರ್ ಕಾಲು ಹಿಂದಕ್ಕೆ ಎಳೆದುಕೊಂಡರು.

“ನಿಮ್ಮದೆಲ್ಲಾ ಕಸಕೊಂಡೆ ನಾನು, ಸರ್,” ಅಂದಳು. ಅಷ್ಟು ಹೊತ್ತು ತಡೆದದ್ದೆಲ್ಲ ಆಗ ಹೊರಗೆ ಬಂತು.

“ಹುಚ್ಚಿ,” ಅಂದರು ಸರ್. ಅವರ ದನಿ ಎಂದಿನಂತೆ ದಣಿದೇ ಇತ್ತು, ಆದರೆ ಕಣ್ಣು ಅವಳ ಮುಖದ ಮೇಲೆಯೇ ಇತ್ತು. “ಆ ಪ್ರಮೇಯ ಹೊಗಳಿದವರು ಎಷ್ಟು ಮಂದಿ ಅದಾರ ಗೊತ್ತೇನು? ಅದರ ಮ್ಯಾಲೆ ನನಗ ಬಡ್ತಿ ಕೊಟ್ಟರು, ಊರೂರಿಗೆ ಕರಸಿದರು. ಇಷ್ಟು ವರ್ಷದಾಗ ಅದನ್ನ ಕಡೀತನಕ ಓದಿದಾಕಿ ನೀ ಒಬ್ಬಾಕಿ.”

ಪಕ್ಕದ ಕುರ್ಚಿಯನ್ನು ಅವಳ ಕಡೆಗೆ ಸರಿಸಿದರು.

“ಕೂಡು. ನಿನ್ನ ಎರಡನೇ ಅಧ್ಯಾಯದಾಗ ನನಗೊಂದು ಅನುಮಾನ ಅದ.”